ಹಾವಿನ ಮೈಯಲ್ಲಿದ್ದ ಚಿಪ್

ನನ್ನ ಅಜ್ಜ ಮಂಗಳೂರಿನ ನಮ್ಮ ಇಗರ್ಜಿಯಲ್ಲಿ ಗುರ್ಕಾರರಾಗಿದ್ದರು, ಅಂದರೆ ವಾರ್ಡಿನ ಮುಖಂಡರು; ತಂದೆ ಹೆಡ್‌ಮಾಸ್ಟರು. ಬೇರೆಯವರ ಪೆನ್ಸಿಲನ್ನೂ ಮುಟ್ಟಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಅಂಥವಳಿಗೆ ರಿಯಾದಿನ ಮಲಾಜ್ ಬಡಾವಣೆಯಲ್ಲಿ ಪಕ್ಕದ ಫ್ಲ್ಯಾಟಿನ ಶೆಟ್ಟರು, ಕಾಣೆಯಾದ ತಮ್ಮ ಹೆಬ್ಬಾವು ನನ್ನ ಮಗಳ ಗಾಜಿನ ಪೆಟ್ಟಿಗೆಯಲ್ಲಿದೆ ಎಂದುಬಿಟ್ಟರು.

ಮಗಳು ತಾನು ಸಾಕಿದ್ದ ಹೆಬ್ಬಾವಿಗೆ ಚರ್ಮದಡಿ ಗುರುತಿನ ಚಿಪ್ ಹಾಕಿಸಿದ್ದಳು. ಪಶುವೈದ್ಯರಲ್ಲಿ ಪರೀಕ್ಷೆಯಾಗಲಿ ಎಂದೆ. ಆಗ ಅಲ್ಲಿ ಹೆಂಗಸರು ಕಾರು ಓಡಿಸುವಂತಿರಲಿಲ್ಲ, ಯಜಮಾನರು ದೂರದ ಯಾನ್ಬು ಪಟ್ಟಣದಲ್ಲಿ ಕೆಲಸದಲ್ಲಿದ್ದರು. ಹಾಗಾಗಿ ಕಳವು ಹೊರಿಸಿದವರ ಕಾರಿನಲ್ಲೇ, ಅವರ ಹೆಂಡತಿಯ ಪಕ್ಕದಲ್ಲಿ, ಹಾವಿದ್ದ ದಿಂಬಿನ ಚೀಲವನ್ನು ಮಡಿಲಲ್ಲಿಟ್ಟು ಕುಳಿತೆ.

ಕ್ಲಿನಿಕ್ಕಿನವನು ಹಾವಿನ ಕುತ್ತಿಗೆಗೆ ಸ್ಕ್ಯಾನರ್ ಹಿಡಿದ. ಸದ್ದಿಲ್ಲ.

"ನೋಡಿ ಅಕ್ಕ, ಚಿಪ್ ಇಲ್ಲ, ಎಂತದೂ ಇಲ್ಲ," ಎಂದರು ಶೆಟ್ಟರು.

ನಾನು ಬಾಲದ ಕಡೆ ತೋರಿಸಿದೆ. "ಚಿಪ್ ಕುತ್ತಿಗೆಯಲ್ಲೇ ಇರಲಿಕ್ಕೆ ಇದು ಬೆಕ್ಕಲ್ಲ ಶೆಟ್ರೇ. ಬಾಲದವರೆಗೂ ನೋಡಲಿ."

ಬಾಲದ ಹತ್ತಿರ ಸ್ಕ್ಯಾನರ್ ಕೀಂ ಎಂದಿತು. ಸಂಖ್ಯೆ ಮಗಳ ಕಾರ್ಡಿನಲ್ಲಿದ್ದದ್ದೇ.

ಮರಳುವಾಗ ಶೆಟ್ಟರು, "ಬಿಡಿ ಮಾರಾಯ್ರೆ, ಹಾವೆಲ್ಲ ನೋಡ್ಲಿಕ್ಕೆ ಒಂದೇ ಅಲ್ವಾ," ಎಂದು ಶವರ್ಮಾ ಕೊಡಿಸಿದರು. ರುಚಿಯಾಗಿತ್ತು. ಆದರೆ ಶವರ್ಮಾ ಕ್ಷಮಾಪಣೆಯಲ್ಲ. ಶೆಟ್ಟರು ನನ್ನ ಮನೆಗೆ ಬಂದು, ಮಗಳ ಎದುರಿನಲ್ಲಿ, ಕ್ಷಮೆ ಕೇಳಬೇಕು.