ಬಕೆಟ್ಟಿನ ಸಂಪಿಗೆ

ಬೀದಿಯ ಮಕ್ಕಳೆಲ್ಲ ಕುಂಡದ ಮಾಮ ಎಂದು ಕರೆಯುವ ಈ ಮನುಷ್ಯ ಬಾಡಿಗೆ ಮನೆ ನೋಡಲು ಹೋದರೆ ನಲ್ಲಿ ತಿರುಗಿಸಿ ನೋಡುವವರಲ್ಲ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದಷ್ಟೇ ಕೇಳುತ್ತಾರೆ. ಮನೆ ಬದಲಿಸುವ ದಿನ ಲಾರಿಗೆ ಮೊದಲು ಕುಂಡಗಳು ಹತ್ತಬೇಕು, ಮಂಚ ಪಾತ್ರೆಗಳು ಉಳಿದ ಜಾಗದಲ್ಲಿ ಹೇಗೋ ಹೊಂದಿಕೊಳ್ಳಬೇಕು. ದಾಸವಾಳದ ಜೇನು ಹೀರಲು ಪುಟ್ಟ ಸೂರಕ್ಕಿ ಬಂದಿದ್ದರೆ ಅಡುಗೆಮನೆಯಲ್ಲಿ ಸೌಟು ಸದ್ದು ಮಾಡುವಂತಿಲ್ಲ. ಅಳಿಲು ಮಲ್ಲಿಗೆಯ ಬುಡ ಕೆದಕಿದರೆ, "ಏನೋ ಕಳ್ಕೊಂಡಿರ್ಬೇಕು ಪಾಪ, ಹುಡುಕ್ಲಿ ಬಿಡು" ಎನ್ನುತ್ತಾರೆ. ಹೆಂಡತಿ ಒಂದು ಎಲೆ ಮುಟ್ಟಿದರೆ ಉರಿದು ಬೀಳುತ್ತಾರೆ. ಬಟ್ಟೆ ಒಣಹಾಕುವ ಮೂಲೆಯಲ್ಲಿ ಪಿಕಳಾರ ಗೂಡು ಕಟ್ಟಿದಾಗ, ಮರಿಗಳು ಹಾರುವವರೆಗೂ ಮನೆಯ ಬಟ್ಟೆಗಳೆಲ್ಲ ಕುರ್ಚಿಗಳ ಮೇಲೆ ಒಣಗಿದವು. "ಖಾಲಿ ಮಾಡಿ ಅನ್ನೋಕೆ ನಾನೇನು ಓನರ್ರಾ?" ಎಂದಿದ್ದರು. ಬಕೆಟ್ಟಿನಲ್ಲಿರುವ ಸಂಪಿಗೆಯ ಮುಂದೆ ಮಾತ್ರ ಮಾಮನ ದನಿ ಇಳಿಯುತ್ತದೆ. ನೆಲ ಸಿಕ್ಕಿದ್ದರೆ ಇಷ್ಟರಲ್ಲಿ ಮಾಳಿಗೆ ಮುಟ್ಟಬೇಕಿದ್ದ ಮರ ಅದು, ಇನ್ನೂ ಒಂದು ಹೂವನ್ನೂ ಬಿಟ್ಟಿಲ್ಲ. ಬಕೆಟ್ಟಿಗೆ ಹಿಡಿಸುವಂತೆ ಪ್ರತಿ ವರ್ಷ ಅದರ ಬೇರು ಕತ್ತರಿಸುವಾಗ, "ಸ್ವಂತ ಮನೆ ಆಗ್ಲಿ, ಅಲ್ಲೀವರೆಗೂ ತಡ್ಕೋ ತಾಯಿ" ಎನ್ನುತ್ತಾರೆ. ಮೊನ್ನೆ ಮನೆಯೊಡತಿ, "ಅಷ್ಟು ಆಸೆ ಇದ್ರೆ ಹಿತ್ತಲಲ್ಲೇ ನೆಟ್ಬಿಡಿ" ಎಂದರು. ಮಾಮ ಆಗಲೇ ಗುಂಡಿ ತೋಡಿದರು, ಗೊಬ್ಬರ ಸುರಿದರು, ಬಕೆಟ್ಟನ್ನು ತಬ್ಬಿ ತಂದು ಗುಂಡಿಯ ಪಕ್ಕ ಕೂತರು. ಸಂಜೆ ಹೆಂಡತಿ ಬಂದು ನೋಡಿದರೆ ಗುಂಡಿ ಮುಚ್ಚಿತ್ತು, ಸಂಪಿಗೆ ಬಕೆಟ್ಟಿನಲ್ಲೇ ಇತ್ತು. "ನಾಳೆ ಇವರು ಮನೆ ಬಿಡಿ ಅಂದ್ರೆ ನಾವೇನೋ ಹೊರಟುಬಿಡ್ತೀವಿ," ಎಂದರು ಮಾಮ, ಕೈಯ ಮಣ್ಣು ಒರೆಸಿಕೊಳ್ಳದೆ, "ಬೇರು ಬಿಟ್ಟೋಳನ್ನ ಹೇಗೇ ಕರ್ಕೊಂಡು ಹೋಗೋದು?"