ನಮ್ಮ ನಲ್ಲಿಯ ಗುಂಡಿ

ಆ ಬೇಸಿಗೆಯಲ್ಲಿ ಅಜ್ಜಿ ಎರಡು ಸಲ ಭೇದಿಯಾಗಿ ಕಡೂರಿನ ಆಸ್ಪತ್ರೆ ಸೇರಿದ್ದರು. ಮೂರನೇ ಸಲ ಈ ದೇಹ ತಡೆಯಲ್ಲ ಎಂದರು ಡಾಕ್ಟರು. ನನ್ನ ಮಟ್ಟಿಗೆ ಆರೋಪಿ ಯಾರೆಂಬುದು ಆಗಲೇ ತೀರ್ಮಾನವಾಗಿತ್ತು: ಯಗಟಿಯ ನಮ್ಮ ಬೀದಿಗೆ ನೀರು ಬಿಡುವ ನೀರುಗಂಟಿ. ಬ್ಲೀಚಿಂಗ್ ಪೌಡರ್ ಹಾಕದೆಯೇ ಹಾಕಿದೆ ಅನ್ನುತ್ತಾರೆ, ಇನ್ನೇನು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿ ರೂಢಿಯಿದ್ದ ನಾನು, ವಾಲ್ವ್ ತಿರುಗಿಸುತ್ತಿದ್ದವರನ್ನು ಬೆಳಿಗ್ಗೆಯೇ ಹಿಡಿದೆ.

‘ಹಾಕಿದ್ದಕ್ಕೆ ಸಾಕ್ಷಿ ಏನು?’

‘ಸಾಕ್ಷಿ ಜೇಬಲ್ಲೈತೆ. ಬಾ ವಕೀಲಮ್ಮ.’

ಪುಟ್ಟ ಸೀಸೆ ತೆಗೆದರು. ನೀರಿನಲ್ಲಿ ಕ್ಲೋರಿನ್ ಇದ್ದರೆ ಅದರ ನಾಲ್ಕು ಹನಿಗೆ ಹಳದಿಯಾಗುತ್ತದೆ. ಟ್ಯಾಂಕಿನ ಬುಡದಲ್ಲಿ ಹಳದಿ. ಬೀದಿಯ ಮೊದಲ ಮನೆಯಲ್ಲೂ ಹಳದಿ. ನಮ್ಮ ಮನೆಯಲ್ಲಿ ಬಣ್ಣವೇ ಇಲ್ಲ.

ನೀರು ಜೋರಾಗಿ ಬರಲೆಂದು ನಮ್ಮ ಕಡೆ ನಲ್ಲಿಯನ್ನು ನೆಲದೊಳಗಿನ ಗುಂಡಿಗೆ ಇಳಿಸಿಕೊಳ್ಳುತ್ತೇವೆ. ಪಕ್ಕದವರು ಒಂದು ಮೊಳ ತೋಡಿದರೆ ನಾವು ಒಂದೂವರೆ. ಆ ಗುಂಡಿಯಲ್ಲಿ ಪಾತ್ರೆ ತೊಳೆದದ್ದು, ಕುರಿ ತೊಳೆದದ್ದು ಎಲ್ಲ ನಿಂತಿರುತ್ತದೆ.

‘ವಾಲ್ವ್ ನಿಲ್ಸಿದ ತಕ್ಷಣ ಪೈಪು ಹಿಂದಕ್ಕೆ ಎಳ್ಕತದೆ. ಗುಂಡಿ ನೀರೆಲ್ಲ ಒಳಕ್ಕೆ. ಆ ಕೊಳೆ ಸಾಯ್ಸೋದ್ರಲ್ಲೇ ಔಷ್ದಿ ಮುಗ್ದೋಯ್ತದೆ. ನಾನೇನ್ ಟ್ಯಾಂಕನ್ನೇ ನಿಮ್ಮನೆಗೆ ಹೊತ್ಕಂಡ್ ಬರ್ಲಾ?’

ಕೆಳಗಿಳಿಸಿದಷ್ಟೂ ಒತ್ತಡ ಹೆಚ್ಚು ಎಂದು ಅಪ್ಪನಿಗೆ ಭೌತಶಾಸ್ತ್ರ ಹೇಳಿ ಆ ಗುಂಡಿಯನ್ನು ಆಳ ಮಾಡಿಸಿದವಳು ನಾನೇ.

ಭಾನುವಾರ ಗುಂಡಿಗೆ ಮಣ್ಣು ತುಂಬಿ, ನಲ್ಲಿಯನ್ನು ಮೊಣಕಾಲೆತ್ತರಕ್ಕೆ ಎತ್ತಿದೆವು. ನೀರು ದಾರದಂತೆ ಇಳಿಯಿತು. ಪಕ್ಕದ ಮನೆಯಾಕೆಗೆ ಖುಷಿ: ‘ನಿಮ್ಮ ಪಾಲೂ ನಮಗೇ ಬತ್ತೈತೆ ಕಣೇ, ಚೆನ್ನಾಗಾಯ್ತು.’ ಎಲ್ಲರೂ ಎತ್ತಿದರೆ ಎಲ್ಲರಿಗೂ ಸಮ ಎಂದು ಅಂಕಿಅಂಶವಿಲ್ಲದೆ, ಅಂಕಿಅಂಶದೊಂದಿಗೆ, ಎರಡೂ ರೀತಿ ವಾದಿಸಿದೆ. ಆಕೆ ಸೊಪ್ಪು ಸೋಸುತ್ತಲೇ ಇದ್ದಳು. ಕೊನೆಗೆ ನೀರುಗಂಟಿಯ ಸೀಸೆ ತಂದು ಆಕೆಯ ಲೋಟಕ್ಕೇ ಹನಿ ಹಾಕಿದೆ. ಬಣ್ಣ ಬರಲಿಲ್ಲ. ತೊಡೆಯ ಮೇಲಿದ್ದ ಮೊಮ್ಮಗುವಿನ ಕೈಯಿಂದ ಆ ಲೋಟವನ್ನು ಮೆಲ್ಲಗೆ ದೂರ ಸರಿಸಿ, ‘ಮಣ್ಣು ಎಲ್ಲಿಂದ ತರ್ಸಿದ್ರಿ?’ ಎಂದಳು.

ಈಗ ಬೀದಿಯಲ್ಲಿ ಮೂರೇ ಗುಂಡಿ ಉಳಿದಿವೆ. ನಮ್ಮ ನೀರು ತೆಳು ಹಳದಿಗೆ ಬಂದಿದೆ. ಆದರೂ ಪೈಪು ಎಲ್ಲರದ್ದೂ ಒಂದೇ ಆದ್ದರಿಂದ ಅಜ್ಜಿಗೆ ಕುದಿಸಿಯೇ ಕೊಡುತ್ತೇವೆ. ಮಳೆಗಾಲ ಅರ್ಧ ಕಳೆಯಿತು, ಅವರು ಮತ್ತೆ ಆಸ್ಪತ್ರೆ ಕಂಡಿಲ್ಲ.

‘ಬಿಸಿನೀರು ಕುಡ್ದೂ ಕುಡ್ದೂ ನಾಲಿಗೆ ಸತ್ತೋಯ್ತು,’ ಎನ್ನುತ್ತಾರೆ. ‘ನನ್ನತ್ರ ಏನ್ ವಾದ? ಹೋಗಿ ಆ ಮೂರು ಮನೇರತ್ರ ಮಾಡೇ.’