ಹೊಟ್ಟೆಯಾ, ಕೆಳ್ಗಾ?
ನಾವುಂದದ ಮೆಡಿಕಲ್ ಅಂಗಡಿಯ ಚೆನ್ನಯ್ಯನಿಗೆ ಒಂದು ಕುರ್ಚಿಯಿದೆ; ಅದರಲ್ಲಿ ಬೆಕ್ಕು ಮಲಗಿದ್ದನ್ನು ಕಂಡವರಿದ್ದಾರೆ, ಅವನು ಕೂತದ್ದನ್ನು ಕಂಡವರಿಲ್ಲ. ಯಾವ ಗಂಡಸು ಬಂದು ಹೊಟ್ಟೆನೋವೆಂದರೂ ಸರಿ, ಗೋಡೆಯ ಗಡಿಯಾರ ನೋಡುತ್ತಾ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ, "ಹ್ವಾಯ್, ಹೊಟ್ಟೆಯಾ, ಕೆಳ್ಗಾ? ಎಷ್ಟ್ ಹೊತ್ತಾಯ್ತ್?" ಎನ್ನುತ್ತಾನೆ. ನಮ್ಮ ಕಡೆ ವೃಷಣದ ನೋವಿಗೂ ಮರ್ಯಾದೆಯ ಹೆಸರು ಹೊಟ್ಟೆನೋವು. ತಲೆ ತಗ್ಗಿಸಿದವನಿಗೆ ಮಾತ್ರೆಯಿಲ್ಲ, ತಾನೇ ರಸ್ತೆಗಿಳಿದು ರಿಕ್ಷಾ ನಿಲ್ಲಿಸಿ, "ಬೀಜ ತಿರ್ಚ್ಕಂಡ್ರೆ ಆರೇ ಗಂಟೆ ಟೈಮ್, ಮತ್ತೆ ಉಳಿತಿಲ್ಲೆ, ಓಡ್!" ಎಂದು ಕುಂದಾಪುರದ ಆಸ್ಪತ್ರೆಗೆ ಅಟ್ಟುತ್ತಾನೆ. ಕೌಂಟರಿನ ಗಾಜಿನಡಿಯಲ್ಲಿ ಹಳದಿಗಟ್ಟಿದ ಪತ್ರಿಕೆಯ ತುಂಡೊಂದಿದೆ: ತಿರುಚಿದ್ದನ್ನು ಬಿಡಿಸಿದ ಮೇಲೆ ಮರಳಿ ನುಗ್ಗುವ ರಕ್ತವೂ ವೃಷಣವನ್ನು ಕೆಡಿಸುತ್ತದಂತೆ, ಆ್ಯಂಟಿಆಕ್ಸಿಡೆಂಟ್ ಕೊಟ್ಟ ಇಲಿಗಳಲ್ಲಿ ಆ ಹಾನಿ ಕಡಿಮೆಯಂತೆ. ಬ್ಯಾಗು ಹಿಡಿದು ಬರುವ ಔಷಧಿ ಕಂಪನಿಯವರಿಗೆಲ್ಲ ಅವನದು ಒಂದೇ ಪ್ರಶ್ನೆ: "ಇಲಿಗೆ ಬಂದದ್ದ್ ಮನ್ಷರಿಗೆ ಬಂತಾ?" ಮೊನ್ನೆ ಹೊಸದಾಗಿ ಬಂದ ಕಂಪನಿಯ ಹುಡುಗ ರತೀಶ ನಕ್ಕುಬಿಟ್ಟ. "ಯಾರಿಗೆ ಚೆನ್ನಯ್ಯಣ್ಣ, ಇಷ್ಟ್ ಅವಸರ?" ಚೆನ್ನಯ್ಯ ಬೆಕ್ಕನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತ. "ಅಮ್ಮ ಎರಡ್ ದಿನ ಓಮದ ನೀರ್ ಕುಡ್ಸಿದ್ಲ್ ಮಾರಾಯಾ. ನಾನ್ ಹೊಟ್ಟೆನೋವ್ ಅಂದಿದ್ದೆ."